ಕಾಯುವವರೂ ಕಾಯಿಸುವವರೂ



ನಮ್ಮ ಕನ್ನಡದಲ್ಲಿ ‘ಕಾಯು’ ಎಂಬ ಧಾತುವಿಗೆ ಮೂರು ಅರ್ಥಗಳಿವೆ. ಬಸ್ಸಿಗೆ ಕಾದೆ ಎಂದರೆ ಎದುರುನೋಡಿದೆ ಎಂದರ್ಥ. ಹೊಲ ಕಾದ ಎಂದರೆ ರಕ್ಷಿಸಿದ ಎಂದರ್ಥ. ನೀರು ಕಾಯಿತು ಎಂದರೆ ಬಿಸಿಯಾಯಿತು ಎಂದರ್ಥ. ಈ ಮೂರು ಅರ್ಥಗಳೂ ಏಕಕಾಲಕ್ಕೆ ಸಲ್ಲುವ ಒಂದು ಸ್ಥಳ ಅಮೆರಿಕದ ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿದೆ. ಅಲ್ಲಿ ನ್ಯೂ ರಿವರ್ ಎಂಬ ನದಿಯ ಮೇಲೆ ರೈಲು ಹೋಗುವ ಒಂದು ಸೇತುವೆ. ದೋಣಿ ಬಂದಾಗ ಅದನ್ನು ಮೇಲಕ್ಕೆತ್ತುತ್ತಾರೆ. ರೈಲು ಬಂದಾಗ ಕೆಳಗಿಳಿಸುತ್ತಾರೆ. ಸೇತುವೆ ಇಳಿದಾಗ ದೋಣಿಗಳು ಕಾಯುತ್ತವೆ, ಕಾವಲುಗಾರನೊಬ್ಬ ಅದನ್ನು ಕಾಯುತ್ತಾನೆ, ಎರಡೂ ಕಡೆಯವರ ತಲೆ ಕಾಯುತ್ತದೆ!

ನಿಮ್ಮಲ್ಲಿ ಹಲವರು ಆ ದೇಶದಲ್ಲಿ ನೆಲೆಸಿದ್ದೀರಿ, ಇನ್ನು ಹಲವರು ಇಲ್ಲಿಯೇ ದಿನನಿತ್ಯ ರೈಲಿನಲ್ಲಿ ಓಡಾಡುತ್ತೀರಿ. ಪ್ರಯಾಣಿಕರ ಗಾಡಿ, ಸರಕಿನ ಗಾಡಿ, ದೋಣಿ ಈ ಮೂವರೂ ಒಂದೇ ಹಾದಿಯನ್ನು ಹಂಚಿಕೊಳ್ಳಬೇಕಾದಾಗ ನ್ಯಾಯ ಎಂಬುದು ಎಲ್ಲಿ ಇರುತ್ತದೆ? ಕಾನೂನಿನ ಪುಸ್ತಕದಲ್ಲೋ, ಸನ್ನೆಗೋಲು ಹಿಡಿದವನ ಕೈಯಲ್ಲೋ? ಇಂದು ನನಗೆ ತೋಚಿದ್ದನ್ನು ಬರೆಯುತ್ತೇನೆ.

ಮೊದಲು ಸ್ವಲ್ಪ ಚರಿತ್ರೆ. ಫ್ಲಾರಿಡಾದ ಪೂರ್ವ ಕರಾವಳಿಯ ಈ ರೈಲುಮಾರ್ಗವನ್ನು ಹಾಕಿಸಿದವನು ಹೆನ್ರಿ ಫ್ಲ್ಯಾಗ್ಲರ್. ರಾಕ್‌ಫೆಲರನ ಜೊತೆ ಎಣ್ಣೆಯ ವ್ಯಾಪಾರದಲ್ಲಿ ಪಾಲುದಾರನಾಗಿ ಐಶ್ವರ್ಯ ಗಳಿಸಿದವನು. ಅವನ ಹಳಿ 1896ರಲ್ಲಿ ಮಿಯಾಮಿಯನ್ನು ಮುಟ್ಟಿತು. ಅಲ್ಲಿಂದ ಮುಂದೆ ಸಮುದ್ರದ ನಡುವಿನ ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿಕೊಂಡು 1912ರ ಜನವರಿಯಲ್ಲಿ ಕೀ ವೆಸ್ಟ್ ತಲುಪಿತು. ಅಲ್ಲಿ ರೈಲಿಳಿದವರು ಹಡಗು ಹತ್ತಿ ಕ್ಯೂಬಾಕ್ಕೆ ಹೋಗುತ್ತಿದ್ದರು. ಅಂದರೆ ಈ ಹಳಿ ತನ್ನ ಹುಟ್ಟಿನಲ್ಲಿ ಹಡಗಿನ ಶತ್ರುವಲ್ಲ, ಬಂಧು. 1935ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ದ್ವೀಪಗಳ ಮೇಲಿನ ಭಾಗ ನಾಶವಾಯಿತು. ಉಳಿದ ಭಾಗದಲ್ಲಿಯೂ 1968ರಲ್ಲಿ ಪ್ರಯಾಣಿಕರ ಗಾಡಿಗಳು ನಿಂತುಹೋದವು. ಆಮೇಲೆ ಸರಿಯಾಗಿ ಅರ್ಧ ಶತಮಾನ ಆ ಹಳಿಯ ಮೇಲೆ ಸರಕಿನ ಗಾಡಿಗಳದೇ ಓಡಾಟ.

ಜಗಳದ ಬೀಜ ಬಿದ್ದದ್ದು ಆ ಐವತ್ತು ವರ್ಷಗಳಲ್ಲಿ. ಸರಕಿನ ಗಾಡಿಗಳು ದಿನಕ್ಕೆ ಕೆಲವೇ. ಆದ್ದರಿಂದ ಸೇತುವೆ ಬಹುಹೊತ್ತು ತೆರೆದೇ ಇರುತ್ತಿತ್ತು. ಕಾಲುವೆಗಳಿಂದ ತುಂಬಿ ‘ಅಮೆರಿಕದ ವೆನಿಸ್’ ಎಂದು ಕರೆಸಿಕೊಳ್ಳುವ ಆ ಊರಿನಲ್ಲಿ, ಸೇತುವೆಯಿಂದ ಮೇಲಕ್ಕೆ ನದಿಯ ದಂಡೆಯಲ್ಲಿ, ದೋಣಿ ಕಟ್ಟುವ, ರಿಪೇರಿ ಮಾಡುವ ಕಾರ್ಖಾನೆಗಳು ಬೆಳೆದವು. ಮನೆಯ ಹಿತ್ತಲಲ್ಲೇ ದೋಣಿ ಕಟ್ಟಿಕೊಂಡ ಸಂಸಾರಗಳು ಬೆಳೆದವು. ಇತ್ತ ಹಳಿಯ ಪಕ್ಕದಲ್ಲಿ ಪೇಟೆ ಬೆಳೆಯಿತು. ರೂಢಿ ಹಳತಾದರೆ ಹಕ್ಕಾಗುತ್ತದೆ. ಪಕ್ಕದ ಮನೆಯವರ ಜಾಗದಲ್ಲಿ ಇಪ್ಪತ್ತು ವರ್ಷ ಓಡಾಡಿದ ಕಾಲುದಾರಿ ಒಂದು ದಿನ ಮುಚ್ಚಿದರೆ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು.

2018ರಲ್ಲಿ ಬ್ರೈಟ್‌ಲೈನ್ ಎಂಬ ಖಾಸಗಿ ಕಂಪನಿ ಅದೇ ಹಳಿಯ ಮೇಲೆ ಪ್ರಯಾಣಿಕರ ಗಾಡಿಗಳನ್ನು ಓಡಿಸಲು ತೊಡಗಿತು. 2023ರ ಸೆಪ್ಟೆಂಬರಿನಲ್ಲಿ ಅವು ಮಿಯಾಮಿಯಿಂದ ಒರ್ಲ್ಯಾಂಡೊ ವಿಮಾನನಿಲ್ದಾಣದವರೆಗೂ ಹೋಗತೊಡಗಿದವು. ಸರಕಿನ ಗಾಡಿಗಳ ಕಂಪನಿ ಬೇರೆ, ಇದು ಬೇರೆ. ಹಳಿ ಮಾತ್ರ ಕರಾವಳಿಯುದ್ದಕ್ಕೂ ಹಂಚಿಕೊಂಡದ್ದು. ಅಷ್ಟು ಗಾಡಿಗಳಿಗೆ ಅಷ್ಟು ಬಾರಿ ಸೇತುವೆ ಇಳಿಯಬೇಕು. ಇದಕ್ಕೆ ಮುಂಚೆಯೇ ಉತ್ತರದ ಮಾರ್ಟಿನ್ ಮತ್ತು ಇಂಡಿಯನ್ ರಿವರ್ ಎಂಬ ಎರಡು ಕೌಂಟಿಗಳು ಈ ಯೋಜನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದವು. ಮಾರ್ಟಿನ್ ಕೌಂಟಿಯ ಸ್ಟುವರ್ಟ್ ಎಂಬಲ್ಲಿ ಸೇಂಟ್ ಲೂಸಿ ನದಿಯ ಮೇಲೆ ಇನ್ನೊಂದು ಎತ್ತುವ ಸೇತುವೆ, ಅದೂ ಒಂಟಿ ಹಳಿಯದು. ಆ ನದಿಯ ಮೂಲಕವೇ ಫ್ಲಾರಿಡಾವನ್ನು ಅಡ್ಡಲಾಗಿ ದಾಟುವ ಜಲಮಾರ್ಗವೂ ಹೋಗುತ್ತದೆ. ಅಲ್ಲಿಯೂ ಇದೇ ತಕರಾರು.

ಮೂರು ಪಕ್ಷಗಳ ವಾದವನ್ನೂ ಕೇಳೋಣ, ಏಕೆಂದರೆ ಮೂವರದೂ ಸುಳ್ಳಲ್ಲ.

ದೋಣಿಯವನು ಹೇಳುತ್ತಾನೆ: ದೋಣಿಗೆ ಬ್ರೇಕ್ ಇಲ್ಲ. ಕಾರು ಗೇಟಿನ ಮುಂದೆ ನಿಂತಲ್ಲೇ ನಿಲ್ಲುತ್ತದೆ, ದೋಣಿ ನಿಲ್ಲುವುದಿಲ್ಲ. ನ್ಯೂ ರಿವರ್ ಇಕ್ಕಟ್ಟಾದ, ತಿರುವುಗಳುಳ್ಳ ನದಿ, ಭರತ ಇಳಿತದ ಸೆಳವು ಬೇರೆ. ಸೇತುವೆ ಇಳಿದಾಗ ಅದರ ಅಡಿಗೂ ನೀರಿಗೂ ನಡುವೆ ಸುಮಾರು ನಾಲ್ಕೇ ಅಡಿ ಅಂತರ. ಸಣ್ಣ ದೋಣಿಯೂ ನುಸುಳುವಂತಿಲ್ಲ. ಹಿಂದೆ ಮುಂದೆ ಟಗ್ ದೋಣಿಗಳನ್ನು ಕಟ್ಟಿ ಎಳೆಸಿಕೊಂಡು ಬರುವ ದೊಡ್ಡ ಯಾಟ್ ಒಂದು ಅಲ್ಲಿ ಸಿಕ್ಕಿಹಾಕಿಕೊಂಡರೆ ದಂಡೆಗೆ ಬಡಿಯದಂತೆ, ಪಕ್ಕದ ದೋಣಿಗೆ ತಾಗದಂತೆ ಹಿಡಿದು ನಿಲ್ಲಿಸುವುದು ಆಟವಲ್ಲ. ಯಾಟ್ ಶ್ರೀಮಂತರದು, ಕಾಯಲಿ ಬಿಡಿ ಎನ್ನುವವರಿದ್ದಾರೆ. ಆದರೆ ಅದಕ್ಕೆ ಬಣ್ಣ ಬಳಿಯುವವನು, ಬೆಸುಗೆ ಹಾಕುವವನು, ಟಗ್ ನಡೆಸುವವನು ಶ್ರೀಮಂತರಲ್ಲ. ದೋಣಿ ಮೇಲಕ್ಕೆ ಬರದಿದ್ದರೆ ಮುಚ್ಚುವುದು ಅವರ ಒಲೆ.

ಸರಕಿನ ಗಾಡಿಯವನು ಹೇಳುತ್ತಾನೆ: ಒಂದೂವರೆ ಕಿಲೋಮೀಟರ್ ಉದ್ದದ ಗಾಡಿಯನ್ನು ನಿಲ್ಲಿಸಬೇಕೆಂದರೆ ಒಂದೂವರೆ ಕಿಲೋಮೀಟರಾದರೂ ಬೇಕು, ನಿಂತದ್ದು ಮತ್ತೆ ವೇಗಕ್ಕೆ ಬರಬೇಕಾದರೆ ಇನ್ನೂ ಹೊತ್ತು. ಅದು ಊರ ನಡುವೆ ನಿಂತರೆ ಬೀದಿಗಳ ಗೇಟುಗಳೆಲ್ಲ ಮುಚ್ಚಿ ಆಂಬುಲೆನ್ಸಿಗೂ ದಾರಿ ಇಲ್ಲ. ಸರಕು ಎಂದು ಹಗುರವಾಗಿ ಮಾತಾಡುತ್ತೀರಿ, ನೀವು ಉಣ್ಣುವುದೂ ಉಡುವುದೂ ಅದರಲ್ಲೇ ಬರುತ್ತದೆ.

ಪ್ರಯಾಣಿಕ ಹೇಳುತ್ತಾನೆ: ಈ ರಸ್ತೆಗಳು ಕಾರುಗಳಿಂದ ಉಸಿರುಗಟ್ಟಿವೆ. ನಾನು ಕಾರು ಬಿಟ್ಟು ರೈಲಿಗೆ ಬರಬೇಕೆಂದು ನೀವೇ ಉಪದೇಶ ಮಾಡುತ್ತೀರಿ. ರೈಲು ಹೇಳಿದ ಹೊತ್ತಿಗೆ ಹೋಗದಿದ್ದರೆ ನಾನೇಕೆ ಬರಲಿ?

ಇನ್ನು ಕಾನೂನು. ಅಮೆರಿಕದಲ್ಲಿ ನೌಕೆ ಸಂಚರಿಸುವ ನದಿಯ ಮೇಲೆ ಸೇತುವೆ ಕಟ್ಟಿದವನಿಗೆ ಅದನ್ನು ತೆರೆಯುವ ಹೊಣೆಯೂ ಇರುತ್ತದೆ. ನದಿ ಮೊದಲು ಇತ್ತು, ಸೇತುವೆ ಆಮೇಲೆ ಬಂತು ಎಂಬ ಸರಳ ನ್ಯಾಯ. ಆದರೆ ‘ನೀರಿಗೆ ಮೊದಲ ಮರ್ಯಾದೆ’ ಎಂದು ಬರೆದಿಟ್ಟ ಮಾತ್ರಕ್ಕೆ ಜಗಳ ನಿಲ್ಲಲಿಲ್ಲ. ಅಲ್ಲಿನ ಕರಾವಳಿ ಕಾವಲು ಪಡೆ, ಅಂದರೆ ಕೋಸ್ಟ್ ಗಾರ್ಡ್, ಫೋರ್ಟ್ ಲಾಡರ್‌ಡೇಲಿನ ಸೇತುವೆಗೆಂದೇ ಪ್ರತ್ಯೇಕ ನಿಯಮ ಮಾಡಬೇಕಾಯಿತು. ಆ ನಿಯಮವನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಅದರ ಸಾರ ಇಷ್ಟು. ಯಾವುದೇ 120 ನಿಮಿಷಗಳ ಅವಧಿಯಲ್ಲಿ ಸೇತುವೆ ಒಟ್ಟು 60 ನಿಮಿಷಕ್ಕಿಂತ ಹೆಚ್ಚು ಮುಚ್ಚಿರಬಾರದು. ಸೇತುವೆಯ ಬಳಿ ಸದಾಕಾಲ ಒಬ್ಬ ಕಾವಲುಗಾರನಿರಬೇಕು. ಅವನನ್ನು ರೇಡಿಯೋ ಮೂಲಕವೂ ಫೋನಿನ ಮೂಲಕವೂ ಯಾರು ಬೇಕಾದರೂ ಸಂಪರ್ಕಿಸುವಂತಿರಬೇಕು, ಆ ವಿವರವನ್ನು ಬೋರ್ಡಿನ ಮೇಲೆ ಬರೆದಿರಬೇಕು. ಸೇತುವೆ ಮುಚ್ಚಲು ಇನ್ನೆಷ್ಟು ಹೊತ್ತಿದೆ ಎಂದು ತೋರಿಸುವ ಗಡಿಯಾರ ದೋಣಿಯವರ ಕಣ್ಣಿಗೆ ಕಾಣುವಂತಿರಬೇಕು. ಮುಚ್ಚಿದ, ತೆರೆದ ಹೊತ್ತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ದಾಖಲಿಸಬೇಕು.

ಇಡೀ ಉದ್ಯೋಗಜೀವನವನ್ನು ಗಂಟೆ, ವೇಳಾಪಟ್ಟಿ ಮತ್ತು ಹಾಜರಿ ಪುಸ್ತಕಗಳ ನಡುವೆ ಕಳೆದವನಿಗೆ ಇದರ ಬೆಲೆ ತಿಳಿಯುತ್ತದೆ. ಈ ನಿಯಮ ಯಾರಿಗೂ ‘ನೀನೇ ದೊಡ್ಡವನು’ ಎನ್ನುವುದಿಲ್ಲ. ದೋಣಿಯವನ ಪುರಾತನ ಹಕ್ಕನ್ನೂ ಪೂರ್ತಿ ಎತ್ತಿಹಿಡಿಯುವುದಿಲ್ಲ, ರೈಲಿನವನ ಅವಸರಕ್ಕೂ ಪೂರ್ತಿ ಬಾಗುವುದಿಲ್ಲ. ಕಾಯುವಿಕೆಯನ್ನು ಅಳೆಯುತ್ತದೆ, ಮುಂಚಿತವಾಗಿ ತಿಳಿಸುತ್ತದೆ, ಬರೆದಿಡುತ್ತದೆ. ಇದಕ್ಕಿಂತ ಮುಖ್ಯವಾಗಿ, ಆ ಅಳತೆಯನ್ನು ಗೊತ್ತುಮಾಡಿದವರು ಸೇತುವೆಯನ್ನು ದಾಟುವ ವ್ಯಾಪಾರಿಗಳಲ್ಲ, ಮೂವರಿಗೂ ಹೊರಗಿನವರು. ಕಾವಲುಗಾರ ರೈಲಿನವನೇ ಆದರೂ ಅವನು ಬರೆಯುವ ಪುಸ್ತಕವನ್ನು ಕೇಳುವವರು ಬೇರೊಬ್ಬರಿದ್ದಾರೆ.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ದೇಶದಲ್ಲಿ ಉದಾಹರಣೆ ಉಂಟು. ಫ್ಲಾರಿಡಾದ ಪಶ್ಚಿಮಕ್ಕೆ, ಮೆಕ್ಸಿಕೋ ಕೊಲ್ಲಿಯ ದಂಡೆಯಲ್ಲಿ, ನ್ಯೂ ಆರ್ಲಿಯನ್ಸ್ ಮತ್ತು ಮೊಬೀಲ್ ಎಂಬ ಎರಡು ಬಂದರು ನಗರಗಳಿವೆ. ನಡುವಿನ ದೂರ ಸುಮಾರು 230 ಕಿಲೋಮೀಟರ್. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿ ಆ ಹಳಿಯನ್ನು ಕಿತ್ತುಹಾಕಿತು. ಸರಕಿನ ಕಂಪನಿ ಕೆಲವೇ ತಿಂಗಳಲ್ಲಿ ಹಳಿಯನ್ನು ಸರಿಪಡಿಸಿಕೊಂಡಿತು. ಪ್ರಯಾಣಿಕರ ಗಾಡಿ ಮಾತ್ರ ಮರಳಿ ಬರಲಿಲ್ಲ. ಹಳಿ ಸರಕಿನ ಕಂಪನಿಗಳದು. ಪ್ರಯಾಣಿಕರ ಗಾಡಿ ಓಡಿಸುವ ಆಮ್‌ಟ್ರಾಕ್ ಅಲ್ಲಿ ಬಾಡಿಗೆಗೆ ಬರುವ ಅತಿಥಿ. ಗಾಡಿ ಬಂದರೆ ನಮ್ಮ ಸರಕಿಗೆ ಅಡ್ಡಿ ಎಂದು ಕಂಪನಿಗಳು ಹೇಳಿದವು, ಮೊಬೀಲ್ ಬಂದರಿನವರೂ ಹೇಳಿದರು. ಆ ಮಾರ್ಗದಲ್ಲಿಯೂ ದೋಣಿಗಳಿಗಾಗಿ ತೆರೆಯಬೇಕಾದ ಸೇತುವೆಗಳು ಹಲವು. ಅವೂ ವಾದದೊಳಗೆ ಬಂದವು. 2021ರಲ್ಲಿ ಆಮ್‌ಟ್ರಾಕ್ ಕೇಂದ್ರದ ಸಾರಿಗೆ ಮಂಡಳಿಯ ಮುಂದೆ ದೂರು ಕೊಟ್ಟಿತು. ದೀರ್ಘ ವಿಚಾರಣೆಯ ಬಳಿಕ 2022ರ ನವೆಂಬರಿನಲ್ಲಿ ರಾಜಿಯಾಯಿತು. ಕೊನೆಗೆ ಗಾಡಿ ಹೊರಟದ್ದು 2025ರ ಆಗಸ್ಟ್ 18ರಂದು, ದಿನಕ್ಕೆ ಎರಡು ಬಾರಿ ಹೋಗಿ ಬರಲು. ಲೆಕ್ಕ ಹಾಕಿ ನೋಡಿ: ಇಪ್ಪತ್ತು ವರ್ಷಕ್ಕೆ ಹನ್ನೊಂದು ದಿನ ಕಡಿಮೆ! ಬಿಲಾಕ್ಸಿ, ಗಲ್ಫ್‌ಪೋರ್ಟ್, ಪ್ಯಾಸ್ಕಗೂಲಾ ಮುಂತಾದ ಊರುಗಳಲ್ಲಿ ಆ ವರ್ಷ ಹುಟ್ಟಿದ ಮಗು ತನ್ನ ಊರಿನ ನಿಲ್ದಾಣದಲ್ಲಿ ಪ್ರಯಾಣಿಕರ ರೈಲನ್ನು ಕಾಣದೆಯೇ ಕಾಲೇಜು ಸೇರಿತು.

ಇದರಲ್ಲಿ ವಿಪರ್ಯಾಸವೇನು ಬಲ್ಲಿರಾ? ಪ್ರಯಾಣಿಕರ ಗಾಡಿಗೆ ಸರಕಿನ ಗಾಡಿಗಿಂತ ಮೊದಲು ದಾರಿ ಕೊಡಬೇಕೆಂದು ಅಮೆರಿಕದ ಸಂಸತ್ತು 1973ರಲ್ಲಿಯೇ ಕಾನೂನು ಮಾಡಿದೆ. ಕಾನೂನು ಸ್ಪಷ್ಟವಾಗಿದೆ. ಆದರೆ ಯಾವ ಗಾಡಿಗೆ ಹಸಿರು ದೀಪ ಎಂದು ನಿರ್ಧರಿಸುವವನು ಸರಕಿನ ಕಂಪನಿಯ ಕೊಠಡಿಯಲ್ಲಿ ಕುಳಿತಿರುತ್ತಾನೆ. ಉಲ್ಲಂಘನೆಯಾದರೆ ಪ್ರಯಾಣಿಕನಾಗಲಿ ಆಮ್‌ಟ್ರಾಕ್ ಆಗಲಿ ಅದಕ್ಕಾಗಿ ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸರ್ಕಾರದ ನ್ಯಾಯ ಇಲಾಖೆಯೇ ಹೋಗಬೇಕು. ಅರ್ಧ ಶತಮಾನದಲ್ಲಿ ಅದು ಹೋದದ್ದು ಎರಡೇ ಬಾರಿ, 1979ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ. ಪುಸ್ತಕದಲ್ಲಿ ಬಡ್ತಿ, ಪ್ಲಾಟ್‌ಫಾರಂ ಮೇಲೆ ಪಡಿಪಾಟಲು!

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನನಗೆ ಕಾಣುವುದು ಇದು. ನೀರಿನವನ ಹಕ್ಕಿಗೆ ಹೊರಗಿನ ಕಾವಲುಗಾರನಿದ್ದಾನೆ, ಗಡಿಯಾರವಿದೆ, ದಾಖಲೆಯ ಪುಸ್ತಕವಿದೆ. ಆದ್ದರಿಂದ ಅವನಿಗೆ ಅರ್ಧವಾದರೂ ದಕ್ಕಿತು. ಪ್ರಯಾಣಿಕನ ಹಕ್ಕು ಬರಹದಲ್ಲಿ ಅಷ್ಟೇ ಬಲವಾಗಿದ್ದರೂ ಅದನ್ನು ಕಾಯುವವರು ಎದುರು ಪಕ್ಷದ ಮನೆಯಲ್ಲಿದ್ದರು. ಆದ್ದರಿಂದ ಅವನಿಗೆ ಇಪ್ಪತ್ತು ವರ್ಷ ಏನೂ ದಕ್ಕಲಿಲ್ಲ. ಬೇಲಿಯೇ ಹೊಲದಲ್ಲಿ ಪಾಲು ಕೇಳುವಾಗ ಬೆಳೆಯ ಗತಿ ಏನು?

ಹಾಗಾದರೆ ಮೂವರಿಗೂ ಬೇರೆ ಬೇರೆ ದಾರಿ ಮಾಡಿಕೊಡಬಾರದೇ ಎಂದು ನಿಮ್ಮಲ್ಲಿ ಇಂಜಿನಿಯರುಗಳಾದವರು ಕೇಳುತ್ತೀರಿ. ಮಾಡಬಹುದು, ಮಾಡಿದರೆ ಒಳ್ಳೆಯದೇ. ಫೋರ್ಟ್ ಲಾಡರ್‌ಡೇಲಿನಲ್ಲಿ ಅದರ ಚರ್ಚೆಯೂ ನಡೆದಿದೆ. ನದಿಯ ಕೆಳಗೆ ಸುರಂಗ ಆಗಲಿ ಎಂದು ನಗರದವರು, ಅಷ್ಟು ಖರ್ಚು ಆಗದು ಎತ್ತರದ ಸೇತುವೆ ಸಾಕು ಎಂದು ಕೌಂಟಿಯವರು. ಆ ಜಗಳ ವರ್ಷಗಟ್ಟಲೆ ಸಾಗಿದೆ. ನಮ್ಮ ದೇಶದಲ್ಲಿಯೂ ಸರಕಿಗೆಂದೇ ಪ್ರತ್ಯೇಕ ಹಳಿಗಳನ್ನು ಹಾಕಿದ್ದಾರೆ. ಲೂಧಿಯಾನಾದಿಂದ ಬಿಹಾರದ ಸೋನ್‌ನಗರದವರೆಗೆ 1,337 ಕಿಲೋಮೀಟರಿನ ಪೂರ್ವದ ಮಾರ್ಗ. ದಾದ್ರಿಯಿಂದ ಮುಂಬಯಿಯ ನೆಹರು ಬಂದರಿನವರೆಗೆ 1,506 ಕಿಲೋಮೀಟರಿನ ಪಶ್ಚಿಮದ ಮಾರ್ಗ. ಆದರೆ ಎಲ್ಲ ಕಡೆಯೂ ಹೀಗೆ ಮಾಡಲು ಹಣವೂ ಇಲ್ಲ, ನೆಲವೂ ಇಲ್ಲ. ಹೊಸ ದಾರಿ ಆಗುವತನಕ, ಆದ ಮೇಲೂ ಬಹುಪಾಲು ಕಡೆ, ಹಂಚಿಕೊಂಡೇ ಬಾಳಬೇಕು.

ನಮ್ಮಲ್ಲಿ ರೈಲೂ ದೋಣಿಯೂ ಸಂಧಿಸುವ ಪ್ರಸಿದ್ಧ ಸ್ಥಳ ಪಾಂಬನ್. ನಿಮ್ಮಲ್ಲಿ ಅನೇಕರು ಹಿರಿಯರೊಡನೆ ರಾಮೇಶ್ವರಕ್ಕೆ ಹೋಗುವಾಗ ಕಿಟಕಿಯಿಂದ ಸಮುದ್ರ ನೋಡಿದವರು. ಅದರ ಕಥೆ ಫ್ಲ್ಯಾಗ್ಲರನ ಕಥೆಗೆ ಆಶ್ಚರ್ಯವೆನಿಸುವಷ್ಟು ಹತ್ತಿರ. 1914ರಲ್ಲಿ ತೆರೆದ ಆ ಸೇತುವೆಯ ಮೇಲೆ ಮದ್ರಾಸಿನಿಂದ ಬೋಟ್ ಮೇಲ್ ಬರುತ್ತಿತ್ತು; ಧನುಷ್ಕೋಟಿಯಲ್ಲಿ ಇಳಿದು ಹಡಗಿನಲ್ಲಿ ಸಿಂಹಳದ ತಲೈಮನ್ನಾರಿಗೆ ಹೋಗಬಹುದಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ಅಳಿಸಿಹಾಕಿತು, ಪ್ರಯಾಣಿಕರ ಗಾಡಿಯೊಂದನ್ನು ಜನಸಮೇತ ನುಂಗಿತು. ಮುರಿದ ಸೇತುವೆಯನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದವರು ಇ. ಶ್ರೀಧರನ್. ಹಡಗು ಬಂದಾಗ ಆಳುಗಳು ಕೈಯಿಂದ ಸನ್ನೆ ತಿರುಗಿಸಿ ಹಳೆಯ ಸೇತುವೆಯ ಎರಡು ರೆಕ್ಕೆಗಳನ್ನು ಎತ್ತುತ್ತಿದ್ದರು. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗ ನೆಟ್ಟಗೆ 17 ಮೀಟರ್ ಮೇಲೇರುತ್ತದೆ. ಅಲ್ಲಿ ಫೋರ್ಟ್ ಲಾಡರ್‌ಡೇಲಿನಂಥ ಜಗಳವಿಲ್ಲ. ಗಾಡಿಗಳು ಕೆಲವೇ, ಹಡಗುಗಳೂ ಕೆಲವೇ. ಆದರೆ ಫ್ಲಾರಿಡಾದಲ್ಲಿಯೂ ಐವತ್ತು ವರ್ಷ ಜಗಳವಿರಲಿಲ್ಲ ಎಂಬುದನ್ನು ನೆನಪಿಡಬೇಕು. ಗಾಡಿಗಳು ಹೆಚ್ಚುವ ಮುಂಚೆಯೇ ಗಡಿಯಾರ ತೂಗುಹಾಕುವುದು ಜಾಣತನ.

ಪಾಂಬನ್ನಿಗಿಂತ ಹತ್ತಿರದ ಮಾತು ನಮ್ಮ ಕರಾವಳಿಯದು. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆಯಿತು. ಬಹುಭಾಗ ಇಂದಿಗೂ ಒಂಟಿ ಹಳಿ. ಅದರ ಮೇಲೆಯೇ ಎಕ್ಸ್‌ಪ್ರೆಸ್ಸುಗಳು, ಊರೂರಲ್ಲಿ ನಿಲ್ಲುವ ಗಾಡಿಗಳು, ಸರಕಿನ ಗಾಡಿಗಳು, ಜೊತೆಗೆ 1999ರಿಂದ ಲಾರಿಗಳನ್ನೇ ಬೆನ್ನ ಮೇಲೆ ಹೊತ್ತೊಯ್ಯುವ ರೋ-ರೋ ಗಾಡಿಗಳು. ಒಂಟಿ ಹಳಿಯಲ್ಲಿ ಒಬ್ಬರು ಹೋಗಬೇಕಾದರೆ ಇನ್ನೊಬ್ಬರು ಲೂಪ್ ಲೈನಿನಲ್ಲಿ ನಿಲ್ಲಲೇಬೇಕು. ಇದು ಯಾರ ತಪ್ಪೂ ಅಲ್ಲ. ಆದರೆ ‘ಕ್ರಾಸಿಂಗ್ ಇದೆ’ ಎಂಬ ಎರಡು ಪದಗಳ ಹೊರತು ಒಳಗೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತು, ಯಾವುದಕ್ಕಾಗಿ, ನಿನ್ನೆ ಎಷ್ಟು ಕಾದೆವು ಎಂಬುದನ್ನು ಕೇಳಲು ಜಾಗವಿಲ್ಲ. ಭಾರತೀಯ ರೈಲ್ವೆಯ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸರಕಿನಿಂದ ಬರುತ್ತದೆ. ಪ್ರಯಾಣಿಕರ ಟಿಕೆಟ್ಟಿನ ನಷ್ಟವನ್ನೂ ಅದೇ ತುಂಬಿಕೊಡುತ್ತದೆ. ಆದ್ದರಿಂದ ಸರಕನ್ನು ನಾನು ಹಳಿಯುವುದಿಲ್ಲ. ಆದರೆ ನಮ್ಮಲ್ಲಿ ಹಳಿಯೂ ಗಾಡಿಯೂ ಸಿಗ್ನಲ್ಲೂ ಒಂದೇ ಮನೆಯ ಆಸ್ತಿ. ಜಗಳ ಕೋರ್ಟಿಗೆ ಹೋಗದಿರುವುದು ಅನುಕೂಲವಾದರೆ, ಲೆಕ್ಕ ಕೇಳುವ ಹೊರಗಿನವರಿಲ್ಲದಿರುವುದು ಅನನುಕೂಲ. ಮನೆಯೊಳಗಿನ ಕಿರಿಯನ ಅಳು ಬೀದಿಗೆ ಕೇಳಿಸುವುದಿಲ್ಲ. ಆ ಕಿರಿಯ ಯಾರೆಂದರೆ ಎಲ್ಲ ಊರುಗಳಲ್ಲೂ ನಿಲ್ಲುವ ಗಾಡಿಯ ಪ್ರಯಾಣಿಕ. ಆಸ್ಪತ್ರೆಗೆ, ಕಾಲೇಜಿಗೆ, ದಿನಗೂಲಿಗೆ ಹೋಗುವವನು. ಅವನ ಒಂದು ಗಂಟೆಗೂ ಬೆಲೆಯಿದೆ.

ಗಡಿಯಾರ ಎಲ್ಲವನ್ನೂ ಸರಿಪಡಿಸುತ್ತದೆಂದು ನಾನು ಹೇಳುವುದಿಲ್ಲ. ಫ್ಲಾರಿಡಾದ ಅದೇ ಹಳಿಗಳ ಮೇಲೆ, 2017ರಲ್ಲಿ ಪ್ರಯಾಣಿಕರ ಗಾಡಿಗಳ ಪರೀಕ್ಷಾ ಓಟ ಆರಂಭವಾದಂದಿನಿಂದ, ಬ್ರೈಟ್‌ಲೈನ್ ಗಾಡಿಗಳಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಗೇಟು ಇಳಿದಿದ್ದರೂ ನುಗ್ಗಿದವರು, ಹಳಿಯ ಮೇಲೆ ನಡೆದವರು, ಬದುಕು ಸಾಕೆನಿಸಿ ಬಂದವರು ಎಲ್ಲ ಇದರಲ್ಲಿ ಸೇರಿದ್ದಾರೆ. ದೋಣಿಯವರಿಗೆ ನಿಯಮ ಬಂತು. ನಡೆದು ದಾಟುವವರಿಗೆ ಬೇಲಿಯೂ ಮೇಲ್ಸೇತುವೆಯೂ ಸಾಕಷ್ಟು ಬೇಗ ಬರಲಿಲ್ಲ. ಹಂಚಿಕೆಯ ಮಾತಾಡುವಾಗ ಮೇಜಿನ ಸುತ್ತ ಕುಳಿತವರನ್ನಷ್ಟೇ ಎಣಿಸಬಾರದು, ಹೊರಗೆ ನಿಂತವರನ್ನೂ ಎಣಿಸಬೇಕು.

ನನ್ನ ಅಭಿಪ್ರಾಯವನ್ನು ಮೂರು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಂಚಿಕೊಂಡ ಹಾದಿಯಲ್ಲಿ ಯಾರೂ ಕಾಯಬಾರದು ಎಂಬುದು ಆಗದ ಮಾತು. ಆದರೆ ಕಾಯುವ ಹೊತ್ತಿಗೆ ಮಿತಿ ಇರಬೇಕು. ಆ ಹೊತ್ತನ್ನು ಮುಂಚಿತವಾಗಿ ತಿಳಿಸಬೇಕು, ಕಳೆದ ಮೇಲೆ ಬರೆದಿಡಬೇಕು, ಆ ಪುಸ್ತಕವನ್ನು ಯಾರು ಬೇಕಾದರೂ ನೋಡುವಂತಿರಬೇಕು. ಮತ್ತು ಸನ್ನೆಗೋಲು ಹಿಡಿದವನನ್ನು ಕೇಳುವ ಅಧಿಕಾರ ಆ ಹಾದಿಯಿಂದ ಲಾಭ ಪಡೆಯದವರ ಕೈಯಲ್ಲಿರಬೇಕು. ಎಷ್ಟು ಹೊತ್ತು ಕಾಯಬೇಕೆಂದು ತಿಳಿದವನು ಬುತ್ತಿ ಬಿಚ್ಚಿ ಉಣ್ಣುತ್ತಾನೆ, ಪುಸ್ತಕ ಓದುತ್ತಾನೆ, ಮಗುವನ್ನು ಮಲಗಿಸುತ್ತಾನೆ. ತಿಳಿಯದವನು ಎದ್ದು ಕುಳಿತು, ಕುಳಿತು ಎದ್ದು ಮನಸ್ಸಿನಲ್ಲೇ ಕಾಯುತ್ತಾನೆ, ಮೂರನೆಯ ಅರ್ಥದಲ್ಲಿ.

ರೈಲ್ವೆಯಲ್ಲಿ, ಬಂದರುಗಳಲ್ಲಿ, ಹಡಗುಗಳಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳು ಈ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲಿರಿ. ನಿಮ್ಮ ಅನುಭವವನ್ನು ಬಿಡುವಾದಾಗ ನಾಲ್ಕು ಸಾಲು ಬರೆದು ತಿಳಿಸಿ. ಎಲ್ಲರಿಗೂ ಶುಭವಾಗಲಿ.